ಧರಣೀಲಿ ಎದೆಗೆ ಕ್ಯಾಮೆರಾ ಕಟ್ಕೊಂಡು ರೆಕಾರ್ಡ್ ಮಾಡಿದೋರು ಯಾರಾದ್ರೂ ಇದೀರಾ?

ಮದ್ದೂರ್ ಹೈದ:
ಮುಂದಿನ ವಾರ ಫ್ರೀಡಂ ಪಾರ್ಕಲ್ಲಿ ನಮ್ಮ ಸಂಘದ್ದು ಧರಣಿ ಇದೆ (2021ರ ಆದೇಶ ಬಂದ್ಮೇಲೆ ಬೆಂಗಳೂರಲ್ಲಿ ಬೇರೆ ಕಡೆ ಕೂರಕ್ಕೆ ಎಲ್ಲಿ ಬಿಡ್ತಾರೆ). ಫೋನ್ ಹಿಡ್ಕೊಂಡೇ ನಿಂತ್ರೆ ಕೈ ಬಿದ್ದೋಗತ್ತೆ, ತಳ್ಳಾಟ ಆದ್ರೆ ಮೊದ್ಲು ಕಿತ್ಕೊಳ್ಳೋದೂ ಅದನ್ನೇ. ಗೋಪ್ರೋ ಥರದ ಪುಟ್ಟ ಕ್ಯಾಮೆರಾ ಎದೆಗೆ ಕಟ್ಕೊಂಡ್ರೆ ಹೆಂಗೆ? ನಾಳೆ ಕೋರ್ಟಲ್ಲಿ ಆ ವಿಡಿಯೋ ನಡಿಯತ್ತಾ?

ಲೆನ್ಸ್ ಕಣ್ಣಪ್ಪ:
ಗುಂಪಲ್ಲಿ ಎದೆ ಮಟ್ಟದಲ್ಲಿದ್ರೆ ಬರೀ ಮುಂದಿನೋರ ಬೆನ್ನೇ ಕಾಣೋದು ಗುರು, ಬ್ಯಾಗ್ ಪಟ್ಟಿಗೆ ಭುಜದ ಹತ್ರ ಕ್ಲಿಪ್ ಹಾಕು. ಲೂಪ್ ರೆಕಾರ್ಡಿಂಗ್ ಆಫ್ ಮಾಡೋದು ಮರೀಬೇಡ, ಇಲ್ದಿದ್ರೆ ಹಳೇ ಕ್ಲಿಪ್ ಅಳಿಸ್ಕೊಂಡು ಹೊಸದು ಕೂತ್ಕೊಳತ್ತೆ. ಹೊರಡೋ ಮುಂಚೆ ಡೇಟು ಟೈಮು ನೋಡ್ಕೊ.

ಕರಿಕೋಟು:
ಕೋರ್ಟಿಗೆ ಬೇಕಂದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 (ವಿಡಿಯೋ ಥರದ ಡಿಜಿಟಲ್ ಸಾಕ್ಷಿ ಬಗ್ಗೆ ಇರೋದು) ಓದ್ಕೊಳಿ, 2024 ಜುಲೈ 1ರಿಂದ ಹಳೇ ಎವಿಡೆನ್ಸ್ ಆಕ್ಟಿನ 65ಬಿ ಜಾಗಕ್ಕೆ ಅದೇ ಬಂದಿರೋದು. ವಿಡಿಯೋ ಜೊತೆ ಕೊಡ್ಬೇಕಾದ ಸರ್ಟಿಫಿಕೇಟಲ್ಲಿ ಎರಡು ಭಾಗ, ಒಂದು ವಿಡಿಯೋ ಕೊಡೋರು ತುಂಬೋದು, ಇನ್ನೊಂದು ಎಕ್ಸ್‌ಪರ್ಟು, ಎರಡರಲ್ಲೂ ಫೈಲಿನ ಹ್ಯಾಶ್ ವ್ಯಾಲ್ಯೂ (ಫೈಲಿನ ಬೆರಳಚ್ಚು ಥರದ ಕೋಡು, ಫೈಲ್ ಸ್ವಲ್ಪ ಬದಲಾದ್ರೂ ಇದೂ ಬದಲಾಗತ್ತೆ) ಬರೀಬೇಕು. ಅದಕ್ಕೇ ಕ್ಯಾಮೆರಾ ಕಾರ್ಡನ್ನ ಮುಟ್ಟದೆ ಹಂಗೇ ಎತ್ತಿಡಿ, ಎಡಿಟಿಂಗು ಏನಿದ್ರೂ ಕಾಪಿ ಮೇಲೆ. ವಾಟ್ಸಾಪಲ್ಲಿ ವಿಡಿಯೋ ಅಂತ ಕಳ್ಸಿದ್ರೆ ಅದು ಕುಗ್ಗಿ ಬೇರೆ ಫೈಲೇ ಆಗೋಗತ್ತೆ, ಹ್ಯಾಶ್ ಮ್ಯಾಚ್ ಆಗಲ್ಲ.

ಸುಮ್ನೆ ಓದೋಳು:
ಅದೆಲ್ಲಾ ಸರಿ, ಆ ಕಾರ್ಡ್ ಪೊಲೀಸ್ರು ಸೀಜ್ ಮಾಡಿದ್ರೆ? ಬಂದೋರೆಲ್ಲರ ಮುಖದ ಪಟ್ಟಿ ನೀವೇ ಕೈಗಿಟ್ಟಂಗೆ. ಫೋನಿಗಾದ್ರೂ ಲಾಕ್ ಇರತ್ತೆ. ಕೂತಿರೋ ಹೆಂಗಸ್ರನ್ನ ಒಂದ್ಮಾತು ಕೇಳಿ, ಆಮೇಲೆ ಆನ್ ಮಾಡಿ.

ಮದ್ದೂರ್ ಹೈದ:
ಹೌದಲ್ವಾ. ಹಂಗಾದ್ರೆ ಜನದ ಕಡೆ ಬೇಡ, ಬ್ಯಾರಿಕೇಡ್ ಕಡೆ ಮುಖ ಮಾಡ್ಸಿ ಇಬ್ಬರನ್ನ ನಿಲ್ಲಿಸ್ತೀವಿ. @ಕರಿಕೋಟು ಹ್ಯಾಶ್ ತೆಗಿಯಕ್ಕೆ ಲ್ಯಾಪ್‌ಟಾಪ್ ಬೇಕೇ ಬೇಕಾ ಸಾರ್?