ಒಂದೇ ಆರಿಯಾ, ಎರಡು ಶ್ರುತಿ: ಹಾಡುಗಾರರು ಇಳಿಸಿದ್ದೋ, ಅಪ್‌ಲೋಡೇ ಕೆಟ್ಟಿದ್ದೋ?

ಸಾಗರದ ಕೇಳುಗ:
ಪುಚ್ಚೀನಿಯ ‘ಲಾ ಬೊಹೆಮ್’ ಆಪೆರಾದ ‘ಕೇ ಜೆಲಿದಾ ಮನೀನಾ’ ಆರಿಯಾ, ಅಂದರೆ ಒಬ್ಬರೇ ಹಾಡುವ ಹಾಡು, ಯೂಟ್ಯೂಬಿನಲ್ಲಿ ಎತ್ತರದ ದನಿಯ ಎಷ್ಟೋ ಗಂಡು ಗಾಯಕರ, ಅಂದರೆ ಟೆನರ್‌ಗಳ ಕಂಠದಲ್ಲಿ ಸಿಗುತ್ತದೆ. ಹಾರ್ಮೋನಿಯಂ ಪಕ್ಕದಲ್ಲಿಟ್ಟು ನೋಡಿದರೆ ಶುರುವಿನ ಸ್ವರ ಕೆಲವರದ್ದು ಕಪ್ಪು 4, ಕೆಲವರದ್ದು ಬಿಳಿ 5. ಒಂದು ವಿಡಿಯೊ ಮಾತ್ರ ಯಾವುದಕ್ಕೂ ಕೂರುವುದಿಲ್ಲ. ಇಲ್ಲಿ ಮಳೆ ಹಿಡಿದರೆ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಅದರಿಂದ ಹೀಗಾಗುತ್ತದೆಯೆ?

ತೀರ್ಥಹಳ್ಳಿಯಿಂದ:
ನೆಟ್‌ವರ್ಕನ್ನು ಬಿಟ್ಟುಬಿಡಿ ಮಾರಾಯ್ರೆ. ಅದು ಕೈಕೊಟ್ಟರೆ ವಿಡಿಯೊ ನಿಲ್ಲುತ್ತದೆ, ಶ್ರುತಿ ಇಳಿಯುವುದಿಲ್ಲ.

ಈ ಆರಿಯಾ ಬರೆದಿರುವುದು ಡಿ ಫ್ಲ್ಯಾಟ್‌ನಲ್ಲಿ, ಅಂದರೆ ಕಪ್ಪು 1. ಮೊದಲ ಮಾತುಗಳೆಲ್ಲ ಒಂದೇ ಸ್ವರದ ಮೇಲೆ, ಕಪ್ಪು 4ರಲ್ಲಿ, ನಡೆಯುತ್ತವೆ. ಹಾಗಾಗಿ ಪರೀಕ್ಷೆಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಕೊನೆಯ ಹತ್ತಿರ ‘ಸ್ಪೆರಾಂತ್ಸಾ’ ಎಂಬಲ್ಲಿ ಮೇಲಿನ ಸಿ, ಅಂದರೆ ಮೇಲಿನ ಬಿಳಿ 1, ಬರುತ್ತದೆ. ಅದು ಕಷ್ಟವೆನಿಸಿದವರು ಇಡೀ ಆರಿಯಾವನ್ನು ಅರ್ಧ ಸ್ವರ ಇಳಿಸುತ್ತಾರೆ. ಆಗ ಶುರುವಿನ ಸ್ವರ ಬಿಳಿ 5, ಮೇಲಿನದ್ದು ಬಿಳಿ 7. ಇದು ಕಳ್ಳತನವಲ್ಲ, ಹಳೆಯ ವಾಡಿಕೆ. ಭಾಗವತರು ಶ್ರುತಿ ಬದಲಿಸಿದರೆ ಮದ್ದಳೆಯನ್ನೂ ಮತ್ತೆ ಶ್ರುತಿ ಮಾಡಬೇಕಲ್ಲ, ಇಲ್ಲಿ ವಾದ್ಯವೃಂದದ ಮುಂದೆ ಇಳಿಸಿ ಬರೆದ ಹಾಳೆಗಳನ್ನೇ ಇಡುತ್ತಾರೆ. ವೆರ್ದಿಯ ‘ಇಲ್ ತ್ರೊವತೋರೆ’ಯ ‘ದಿ ಕ್ವೆಲ್ಲಾ ಪೀರಾ’ದಲ್ಲೂ ಇದೇ ಕಥೆ. ಅದರಲ್ಲಿ ಮೇಲಿನ ಸಿ ವೆರ್ದಿ ಬರೆದದ್ದೇ ಅಲ್ಲ. ಆದರೂ 2000ದ ಡಿಸೆಂಬರಿನಲ್ಲಿ ಮಿಲಾನಿನ ಲಾ ಸ್ಕಾಲಾ ಆಪೆರಾ ಮಂದಿರದಲ್ಲಿ ವಾದ್ಯವೃಂದದ ನಿರ್ದೇಶಕ ರಿಕಾರ್ಡೊ ಮೂತಿ ಅದನ್ನು ಬಿಡಿಸಿದ್ದಕ್ಕೆ ಗ್ಯಾಲರಿಯವರು ಗಲಾಟೆ ಮಾಡಿದರು.

ಮೂಲ ಶ್ರುತಿ ಕಿವಿಯಲ್ಲಿ ಕೂರಬೇಕಾದರೆ ಪವರೊಟ್ಟಿ, ಫ್ರೇನಿ ಹಾಡಿರುವ, ಕಾರಾಯನ್ ನಿರ್ದೇಶನದ 1972ರ ಬರ್ಲಿನ್ ಧ್ವನಿಮುದ್ರಣ ಕೇಳಿ. ಆ ಸಿ ಕೇಳಿದ ಮೇಲೆ ಇಳಿಸಿದ್ದು ಸಪ್ಪೆ ಅನಿಸಿದರೆ ನಾನು ಹೊಣೆಯಲ್ಲ.

ಹೊಸನಗರ ಹಾರ್ಮೋನಿಯಂ:
ಮೊದಲು ನಿಮ್ಮ ಪೆಟ್ಟಿಗೆಯನ್ನೇ ಟ್ಯೂನರ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಬಿಳಿ 6 ಒತ್ತಿದರೆ 440 ಹರ್ಟ್ಸ್ ಬರಬೇಕು. ಹಳೆಯ ಪೆಟ್ಟಿಗೆ ಹತ್ತಿಪ್ಪತ್ತು ಸೆಂಟ್ಸ್ ಆಚೀಚೆ ಇದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ಸ್.

ಗಾಯಕರು ಇಳಿಸಿದರೆ ಸರಿಯಾಗಿ 100 ಇಳಿಯುತ್ತದೆ. ವಾದ್ಯವೃಂದ 442–443ಕ್ಕೆ ಶ್ರುತಿ ಮಾಡಿದ್ದರೆ ಹತ್ತರಷ್ಟು ಮೇಲಿರಬಹುದು, ಅಷ್ಟೆ. ನಡುವೆ ಎಲ್ಲೋ ಸಿಕ್ಕಿಕೊಂಡಿದೆ ಎಂದರೆ ಅದು ಹೆಚ್ಚಾಗಿ ವೇಗದ ತಪ್ಪು. ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು ಯುರೋಪಿನ ಟಿವಿಗೆಂದು 25ಕ್ಕೆ ಓಡಿಸಿದರೆ ಶ್ರುತಿ ಸುಮಾರು 70 ಸೆಂಟ್ಸ್ ಏರುತ್ತದೆ. ಇದು ಸಿನಿಮಾ ರೂಪದ ಆಪೆರಾಗಳಿಗೆ ಮಾತ್ರ. ರಂಗದ ಮೇಲಿನದ್ದನ್ನು ನೇರ ವಿಡಿಯೊ ಕ್ಯಾಮೆರಾದಲ್ಲಿ ಹಿಡಿದಿದ್ದರೆ ಈ ಕಾಟವಿಲ್ಲ. 1925ಕ್ಕೂ ಹಿಂದಿನ ಗ್ರಾಮಫೋನ್ ತಟ್ಟೆಗಳ ವೇಗ ನಿಮಿಷಕ್ಕೆ 78 ಸುತ್ತು ಎಂದು ನಿಗದಿಯಾಗಿರಲಿಲ್ಲ, ಅವುಗಳ ಅಪ್‌ಲೋಡನ್ನು ಶ್ರುತಿಗೆ ಸಾಕ್ಷಿಯಾಗಿ ಹಿಡಿಯಬೇಡಿ. ಕಾಪಿರೈಟ್ ತಪ್ಪಿಸಿಕೊಳ್ಳಲು ಬೇಕೆಂದೇ ಶ್ರುತಿ ಸರಿಸುವವರೂ ಇದ್ದಾರೆ.

ಸಾಗರದ ಕೇಳುಗ:
ಪೆಟ್ಟಿಗೆ ಸರಿಯಿದೆ. ಕೂರದ ವಿಡಿಯೊ ಕಪ್ಪು 4ಕ್ಕಿಂತ 30 ಸೆಂಟ್ಸ್ ಕೆಳಗೆ. ಅದು ಸಿನಿಮಾ.

ಹೊಸನಗರ ಹಾರ್ಮೋನಿಯಂ:
ಇದೇ ಎಡವಟ್ಟಿನ ಸಂಖ್ಯೆ. ಬಿಳಿ 5ಕ್ಕೆ ಇಳಿಸಿ ಹಾಡಿದ್ದು 70 ಏರಿದರೂ ಅಲ್ಲಿಗೇ ಬರುತ್ತದೆ. ಮೂಲ ಶ್ರುತಿಯದ್ದನ್ನು ಯಾರೋ ‘432 ಹರ್ಟ್ಸ್’ ಗೀಳಿಗೆ (ಬಿಳಿ 6ಕ್ಕೆ 440ರ ಬದಲು 432 ಇರಬೇಕೆಂಬ ಹಟ) ಇಳಿಸಿದರೂ 32ರಷ್ಟು ಕೆಳಗೆ, ಅಂದರೆ ಹೆಚ್ಚುಕಡಿಮೆ ಅಲ್ಲಿಗೇ. ಅವಧಿ ನೋಡಿ: ಮೊದಲನೆಯದಾದರೆ 100 ನಿಮಿಷದ ಚಿತ್ರ 96ಕ್ಕೆ ಮುಗಿದಿರುತ್ತದೆ. ಎರಡನೆಯದನ್ನು ವೇಗ ತಗ್ಗಿಸಿ ಮಾಡಿದ್ದರೆ ಸುಮಾರು 102 ಆಗಿರುತ್ತದೆ.

ತೀರ್ಥಹಳ್ಳಿಯಿಂದ:
ಯೂಟ್ಯೂಬಿನ ಪ್ಲೇಬ್ಯಾಕ್ ಸ್ಪೀಡ್ ಮುಟ್ಟಬೇಡಿ, ಅದು ವೇಗ ಬದಲಿಸಿದರೂ ಶ್ರುತಿಯನ್ನು ಹಾಗೇ ಉಳಿಸುತ್ತದೆ. ನಿಮ್ಮದೇ ಡಿವಿಡಿಯ ಆಡಿಯೊ ಇದ್ದರೆ ಆಡಾಸಿಟಿ ಎಂಬ ಆಡಿಯೊ ತಂತ್ರಾಂಶದಲ್ಲಿ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ (ಹಳೆಯ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) ತೆಗೆದು ಗುಣಕ 0.96 ಕೊಡಿ. ‘ಚೇಂಜ್ ಪಿಚ್’ ಅಲ್ಲ, ಅದರಲ್ಲಿ ವೇಗ ಹಾಗೇ ಉಳಿದು ಗಾಯಕರ ದನಿಯ ಕಂಪನ (ವೈಬ್ರಾಟೊ) ಚುರುಕಾಗಿಯೇ ಕೇಳುತ್ತದೆ. ಅವಧಿಯೂ 96ರ ಲೆಕ್ಕಕ್ಕೆ ಹೊಂದಿ, ಆಮೇಲೆ ಶುರುವಿನ ಸ್ವರ ಬಿಳಿ 5ಕ್ಕೆ ಸರಿಯಾಗಿ ಕೂತರೆ ನಿಮ್ಮ ಟೆನರ್ ಇಳಿಸಿಯೇ ಹಾಡಿದ್ದಾನೆ.