ಕ್ಯಾಸಲ್ ಅಂದರೆ ಕೋಟೆಯೋ, ಅರಮನೆಯೋ, ವಾಡೆಯೋ?

ಒಂದು ಪದದ ಕಗ್ಗಂಟು. ತಿಳಿದವರು ಬಿಡಿಸಿಕೊಡಿ.

ಹೋದ ತಿಂಗಳು ನನ್ನ ತಂಗಿಯ ಮಗಳು ವೇಲ್ಸ್‌ನ ಪೋವಿಸ್ ಕ್ಯಾಸಲ್ ನೋಡಲು ಹೋಗಿದ್ದಳು. ಅಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆ. ಅವನ ಸಿಂಹಾಸನದ ಒಂದು ಚಿನ್ನದ ಹುಲಿತಲೆಯೂ ಇದೆ. ನಾಲ್ಕು ಫೋಟೋ ಕಳಿಸಿ, ‘ಮಾವ, ಇದಕ್ಕೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ, ಮನೆಯವರ ಗ್ರೂಪಿಗೆ ಹಾಕ್ತೀನಿ’ ಅಂದಳು. ಎರಡೇ ಸಾಲು ತಾನೇ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಕ್ಯಾಸಲ್‌ಗೆ ಏನನ್ನೋಣ?

ಮೊದಲು ಆ ಮನೆಯವನ ಕತೆ ಸ್ವಲ್ಪ. ಎಡ್ವರ್ಡ್ ಕ್ಲೈವ್, ಹುಟ್ಟಿದ್ದು 1754ರಲ್ಲಿ. ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಮಗ. 1798ರಿಂದ 1803ರವರೆಗೆ ಮದರಾಸಿನ ಗವರ್ನರ್. ಅಂದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗದ್ದುಗೆಯಲ್ಲಿ ಇದ್ದವನು ಇವನೇ. ಅವನನ್ನೂ ‘ಲಾರ್ಡ್ ಕ್ಲೈವ್’ ಅನ್ನುತ್ತಿದ್ದರು. ಹಾಗೆ ಬರೆದರೆ ನಮ್ಮವರು ಅಪ್ಪ ಅಂದುಕೊಳ್ಳುತ್ತಾರೆ. ಅಪ್ಪ ತೀರಿಕೊಂಡು ಆಗಲೇ ಸುಮಾರು 25 ವರ್ಷ ಆಗಿತ್ತು. 1804ರಲ್ಲಿ ಮಗ ‘ಅರ್ಲ್ ಆಫ್ ಪೋವಿಸ್’ ಆದ. ಅರ್ಲ್ ಅಂದರೆ ಅಲ್ಲಿನ ದೊಡ್ಡ ಮನೆತನದವರಿಗೆ ರಾಜ ಕೊಡುವ ಒಂದು ಬಿರುದು. ಒಬ್ಬನೇ ಮನುಷ್ಯ, ಹೆಸರು ಮಾತ್ರ ಬೇರೆ ಬೇರೆ.

ಪೋವಿಸ್ ಅವನ ಹುಟ್ಟಿದ ಮನೆ ಅಲ್ಲ, ಹೆಂಡತಿ ಹೆನ್ರಿಯೆಟ್ಟಾಳ ತವರು. ಅವಳ ಅಣ್ಣ ಜಾರ್ಜ್ ಹರ್ಬರ್ಟ್ ಮದುವೆಯಾಗದೆ 1801ರಲ್ಲಿ ತೀರಿಕೊಂಡ. ಅವನಿಗಿದ್ದ ಅರ್ಲ್ ಬಿರುದು ಅಲ್ಲಿಗೆ ನಿಂತಿತು; ಅದೇ ಹೆಸರಿನದು ಆಮೇಲೆ ಕ್ಲೈವನಿಗೆ ಹೊಸದಾಗಿ ಬಂತು. ಆಸ್ತಿ ಹೋದದ್ದು ತಂಗಿಯ ಮಗನಿಗೆ, ಅಂದರೆ ಕ್ಲೈವನ ಹಿರಿಮಗನಿಗೆ. ಸೋದರಮಾವನಿಂದ ಸೋದರಳಿಯನಿಗೆ! ತುಳುನಾಡಿನವರು ‘ಇದು ನಮ್ಮ ಅಳಿಯಸಂತಾನ’ ಅಂದಾರು. ಅಲ್ಲಿ ಅದು ಕಟ್ಟಳೆ ಅಲ್ಲ, ಆ ಮನೆಯಲ್ಲಿ ಹಾಗಾಯಿತು ಅಷ್ಟೆ. ಹುಡುಗ 1807ರಲ್ಲಿ ಮನೆತನದ ಹೆಸರನ್ನೇ ಹರ್ಬರ್ಟ್ ಅಂತ ಬದಲಿಸಿಕೊಂಡ. ಬಿರುದು ಅಪ್ಪನದು, ಮನೆ ಮಗನದು. ಈ ಅಪ್ಪ ಎಂಬತ್ತರ ಹತ್ತಿರದಲ್ಲೂ ಬೆಳಗ್ಗೆ ಆರಕ್ಕೇ ಬರೀ ಅಂಗಿಯಲ್ಲಿ ತೋಟ ಅಗೆಯುತ್ತಿದ್ದನಂತೆ. ನನಗೆ ಅವನು ಇಷ್ಟವಾದದ್ದು ಅಲ್ಲೊಂದು ಕಡೆ ಮಾತ್ರ.

ಈಗ ಪದಕ್ಕೆ ಬರೋಣ. ನಿಘಂಟು ತೆಗೆದರೆ ಕೋಟೆ, ದುರ್ಗ ಅಂತ ಸಿಗುತ್ತದೆ. ಆದರೆ ನಮ್ಮ ಕೋಟೆಯೊಳಗೆ ಊರೇ ಇರುತ್ತದೆ. ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಅನ್ನುವ ಗಾದೆಯೇ ಅದಕ್ಕೆ ಸಾಕ್ಷಿ. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನ ಗುಡಿ ಇದೆ, ಮಸೀದಿ ಇದೆ, ಬೀದಿಗಳಿವೆ. ಪೋವಿಸ್ ಹಾಗಲ್ಲ. 13ನೇ ಶತಮಾನದಲ್ಲಿ ವೇಲ್ಸ್‌ನ ರಾಜಮನೆತನದವನೊಬ್ಬ ಕಟ್ಟಿಸಿದ್ದು, ಕೆಂಪು ಕಲ್ಲಿನದು. ಒಳಗಿರುವುದು ಒಂದೇ ಮನೆ. ಕ್ಲೈವನ ಕಾಲಕ್ಕೆ ಕಾದಾಟದ ಮಾತೇ ಇರಲಿಲ್ಲ. ಉದ್ದನೆಯ ಹಜಾರ, ಗೋಡೆ ತುಂಬ ಚಿತ್ರ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಕೋಟೆ ಅಂತ ಬರೆದರೆ ಓದುವವರು ಫಿರಂಗಿ ಎಲ್ಲಿ ಅಂತ ಹುಡುಕುತ್ತಾರೆ.

ಇನ್ನೊಂದು ತೊಡಕು. 1800ರಲ್ಲಿ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿದಳು. ಅದನ್ನೂ ಸೇರಿಸೋಣ ಅಂತ ‘ಕೋಟೆಯಲ್ಲಿ ಬೆಳೆದವಳು ಕೋಟೆ ನೋಡಲು ಬಂದಳು’ ಅಂತ ಬರೆದೆ. ಓದಿಕೊಂಡರೆ ನನಗೇ ನಗು ಬಂತು.

ಅರಮನೆ? ಅದು ಅರಸನ ಮನೆ. ಅರ್ಲ್ ಅರಸನಲ್ಲ. ಮಹಲು, ಬಂಗಲೆ ಎರಡೂ ಹೊಂದಲ್ಲ.

ಆಗ ನೆನಪಾದದ್ದು ವಾಡೆ. ನಮ್ಮ ತಾಯಿಯ ಊರು ಸವದತ್ತಿ ಕಡೆ. ಚಿಕ್ಕಂದಿನಲ್ಲಿ ಶಿರಸಂಗಿ ದೇಸಾಯರ ವಾಡೆ ನೋಡಿದ್ದೆ. ಆ ಕಡೆಯ ವಾಡೆ ಅಂದರೆ ಆಳೆತ್ತರ ಮೀರಿದ ದಪ್ಪ ಗೋಡೆ, ದೊಡ್ಡ ಬಾಗಿಲು, ಅದರಲ್ಲೇ ಬಗ್ಗಿ ನುಗ್ಗುವಂಥ ಸಣ್ಣ ದಿಡ್ಡಿ ಬಾಗಿಲು, ಒಳಗೆ ಅಂಗಳ, ಪಡಸಾಲೆ. ಕಾವಲಿಗೆ ಹುಡೇವು, ಅಂದರೆ ಬುರುಜು. ಆದರೂ ಅದು ಮನೆ. ದೇಸಾಯಿ ರಾಜನಲ್ಲ, ಆದರೆ ಸುತ್ತಲಿನ ಹಳ್ಳಿಗಳಿಗೆ ಅವನೇ ದಣಿ. ಅರ್ಲ್ ಕೂಡ ಹೆಚ್ಚುಕಡಿಮೆ ಹಾಗೇ ಅಲ್ವಾ? ಇದಕ್ಕಿಂತ ಸರಿಹೊಂದುವ ಪದ ನನಗಂತೂ ಕಾಣಲಿಲ್ಲ. ‘ಅದು ಮರಾಠಿಯ ವಾಡಾ’ ಅಂತ ಯಾರಾದರೂ ಅಂದರೆ, ಇರಲಿ ಬಿಡಿ. ಬಂದು ಎಷ್ಟೋ ಕಾಲ ಆಯಿತು, ನಮ್ಮದೇ ಆಗಿದೆ.

ಡೇರೆಯದೂ ಒಂದು ಮಾತು. ಬಿಳಿ ಹತ್ತಿ ಬಟ್ಟೆಯ ಮೇಲೆ ಹೂದಾನಿ, ಅದರಿಂದ ಎದ್ದ ಹೂಗಳು. ನಮ್ಮಜ್ಜಿ ಇಂಥದ್ದಕ್ಕೆ ಚೀಟಿ ಬಟ್ಟೆ ಅನ್ನುತ್ತಿದ್ದರು. ಪೋವಿಸ್‌ನವರು ಇದನ್ನು ತೋಟದ ಔತಣಗಳಿಗೆ ಹಾಕುತ್ತಿದ್ದರಂತೆ. ಟಿಪ್ಪುವಿಗೆ ಡೇರೆಯಾಗಿದ್ದದ್ದು ಅಲ್ಲಿ ಸುಮ್ನೆ ಶಾಮಿಯಾನ ಆಯಿತು. ಅದೇ ಬಟ್ಟೆ, ಪದ ಬೇರೆ. ಹಾಗಿದ್ದಮೇಲೆ ಗೋಡೆ ನೋಡಿ ಕೋಟೆ ಅನ್ನುವುದಕ್ಕಿಂತ, ಒಳಗೆ ಬದುಕಿದ್ದು ಹೇಗೆ ಅಂತ ನೋಡಿ ವಾಡೆ ಅನ್ನುವುದು ಮೇಲು ಅಂತ ನನ್ನ ಲೆಕ್ಕ.

ಅಲ್ಲಿರುವ ವಸ್ತುಗಳಿಗೆ ‘ಸಂಗ್ರಹ’ ಅನ್ನಲು ಮನಸ್ಸು ಬರಲಿಲ್ಲ. ಪಟ್ಟಣ ಬಿದ್ದ ಮೇಲೆ ಸಿಕ್ಕಿದ್ದನ್ನು ಹರಾಜಿಗೂ ಹಾಕಿದ್ದರು. ಕೊಳ್ಳೆ ಹೊಡೆದರೋ, ಕೊಂಡರೋ? ಕನ್ನಡದಲ್ಲಿ ಎರಡಕ್ಕೂ ಬೇರು ಒಂದೇ, ‘ಕೊಳ್’. ಈ ವಿಷಯದಲ್ಲಿ ನಮ್ಮ ಭಾಷೆ ತುಂಬಾ ಜಾಣ.

ಇಷ್ಟೆಲ್ಲ ತಲೆ ಕೆಡಿಸಿಕೊಂಡು ‘ಟಿಪ್ಪುವಿನ ಡೇರೆ, ಪೋವಿಸ್ ವಾಡೆ’ ಅಂತ ಬರೆದು ಕಳಿಸಿದೆ. ಹುಡುಗಿ ಬೆಳೆದದ್ದು ಮೈಸೂರಿನಲ್ಲಿ. ಎರಡು ನಿಮಿಷಕ್ಕೆ ಉತ್ತರ ಬಂತು: ‘ಮಾವ, ವಾಡೆ ಅಂದ್ರೇನು?’

ಹಳೇ ಮೈಸೂರಿನ ಕಡೆ, ಕರಾವಳಿಯ ಕಡೆ ಇದಕ್ಕೆ ಬೇರೆ ಪದ ಇದ್ದರೆ ದಯವಿಟ್ಟು ಹೇಳಿ. ಅವಳಿನ್ನೂ ಗ್ರೂಪಿಗೆ ಫೋಟೋ ಹಾಕಿಲ್ಲ.