ಶಾರ್ಕ್ ಎಂದರೆ ಹಲ್ಲು ಮಾತ್ರವೇ? ಚಿತ್ರದಿಂದ ಭಯವನ್ನು ತಿದ್ದಬಹುದೇ?

ಪ್ರಶ್ನೆ (ಚಿತ್ರಕಲಾ ಶಿಕ್ಷಕಿ, ವಿರಾಜಪೇಟೆ)
ನಮ್ಮ ಶಾಲೆಯ ಗೋಡೆಯ ಮೇಲೆ ಕಡಲ ಜೀವಿಗಳ ಚಿತ್ರ ಬರೆಸುವ ಮೊದಲು ಏಳನೆಯ ತರಗತಿಯ ಮಕ್ಕಳಿಗೆ ಶಾರ್ಕ್ ಬರೆಯಲು ಹೇಳಿದೆ. ಸಮುದ್ರವನ್ನೇ ಕಾಣದವರೂ ಸೇರಿದಂತೆ ಬಹುತೇಕ ಎಲ್ಲರೂ ಬಾಯಿ ತೆರೆದ, ಹಲ್ಲಿನಿಂದ ರಕ್ತ ತೊಟ್ಟಿಕ್ಕುವ ಒಂದೇ ಪ್ರಾಣಿಯನ್ನು ಬರೆದರು. ಮಡಿಕೇರಿ ದಸರಾ ಮಂಟಪದ ರಾಕ್ಷಸನಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ನಗುವ ಶಾರ್ಕ್ ಬರೆಸಿದರೆ ಸಾಕೆಂದು ಸಹೋದ್ಯೋಗಿಗಳು ಹೇಳುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1 (ವನ್ಯಜೀವಿ ಚಿತ್ರಕಾರ, ಮಡಿಕೇರಿ)
ಒಪ್ಪದಿರುವುದೇ ಸರಿ. ಆ ರಕ್ತ ಎಷ್ಟು ಸುಳ್ಳೋ ಈ ನಗುವೂ ಅಷ್ಟೇ ಸುಳ್ಳು. ಬೇಟೆಯಾಡುವ ಶಾರ್ಕ್ ಅಷ್ಟಗಲ ಬಾಯಿ ತೆರೆಯುವುದು ಹೆಚ್ಚಾಗಿ ಕಚ್ಚುವ ಕ್ಷಣದಲ್ಲಿ. ನಾವು ಆ ಕ್ಷಣವನ್ನೇ ಅದರ ಇಡೀ ಬದುಕೆಂಬಂತೆ ಬರೆಯುತ್ತ ಬಂದಿದ್ದೇವೆ. ಪಕ್ಕದಿಂದ ನೋಡಿ ಬರೆಸಿ: ಮೇಲಿನಿಂದ ನೋಡಿದರೆ ಆಳದ ಕತ್ತಲಲ್ಲಿ, ಕೆಳಗಿನಿಂದ ನೋಡಿದರೆ ಬೆಳಕಿನಲ್ಲಿ ಕರಗಿಹೋಗುವಂತೆ ಬೆನ್ನು ಕಪ್ಪಾಗಿ, ಹೊಟ್ಟೆ ಬಿಳಿಯಾಗಿ ಇರುವುದನ್ನು, ಕಿವಿರಿನ ಸೀಳುಗಳನ್ನು, ಬೇಟೆಯ ಮೈಯಿಂದ ಹೊರಡುವ ಅತ್ಯಲ್ಪ ವಿದ್ಯುತ್ತನ್ನು ಗ್ರಹಿಸುವ ಮೂತಿಯ ಸಣ್ಣ ರಂಧ್ರಗಳನ್ನು ಮಕ್ಕಳು ಗಮನಿಸಲಿ. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. ಅಂಗೈ ಮೇಲೆ ಮಲಗಿಸಬಹುದಾದವೂ ಇವೆ. ಮೈಸೂರು ಬಸ್ಸಿನಷ್ಟು ಉದ್ದ ಬೆಳೆದರೂ ಮುಖ್ಯವಾಗಿ ಪ್ಲವಕಗಳನ್ನೇ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನೇ, ಸೋಸಿ ತಿನ್ನುವ ತಿಮಿಂಗಿಲ ಶಾರ್ಕ್ ಕೂಡ ಇದೆ.

ಉತ್ತರ 2 (ಓದುಗರು, ಕುಶಾಲನಗರ)
ನನ್ನ ತವರು ಮಂಗಳೂರು. ಇಲ್ಲಿನ ಮೀನು ಮಾರುಕಟ್ಟೆಗೆ ಬರುವ ತಾಟೆ ಮೀನು ಶಾರ್ಕ್ ಎಂಬುದು ಅದರ ಸಾರು ಉಂಡ ಮಕ್ಕಳಿಗೂ ತಿಳಿದಿರುವುದಿಲ್ಲ. ಒಮ್ಮೆ ಮಕ್ಕಳನ್ನು ಮಾರುಕಟ್ಟೆಗೆ ಕರೆದೊಯ್ದು, ಆ ಮೀನಿನ ಬುಟ್ಟಿಯನ್ನೇ ಬರೆಸಿ ನೋಡಿ. ಜಗತ್ತಿನಲ್ಲಿ ಶಾರ್ಕ್ ಕಚ್ಚಿ ಸಾಯುವವರು ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಜನರನ್ನೂ ಮೀರುವುದಿಲ್ಲ. ಮನುಷ್ಯರಿಂದ ಸಾಯುವ ಶಾರ್ಕ್‌ಗಳು 2013ರ ಅಂದಾಜಿನಂತೆ ವರ್ಷಕ್ಕೆ ಸುಮಾರು 10 ಕೋಟಿ. ಯಾರು ಯಾರಿಗೆ ಹೆದರಬೇಕೆಂದು ಆ ಬುಟ್ಟಿಯೇ ಹೇಳುತ್ತದೆ.

ಉತ್ತರ 3 (ನಿವೃತ್ತ ಉಪನ್ಯಾಸಕ, ಸೋಮವಾರಪೇಟೆ)
ಚಿತ್ರವೊಂದರಿಂದಲೇ ಎಲ್ಲವೂ ಆಗುತ್ತದೆಂಬ ಭರವಸೆ ನನಗಿಲ್ಲ. ಗುಜರಾತಿನ ಕರಾವಳಿಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕ್‌ಗೆ ‘ಬ್ಯಾರೆಲ್’ ಎಂದೇ ಹೆಸರಿತ್ತು, ಏಕೆಂದರೆ ಅದನ್ನು ಹಿಡಿಯಲು ಕೊಕ್ಕೆಗೆ ಪೀಪಾಯಿ ಕಟ್ಟುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂದಿತು. 2004ರಲ್ಲಿ ಆರಂಭವಾದ ಆಂದೋಲನವು ಗಾಳಿ ತುಂಬಿದ ಪೂರ್ಣಗಾತ್ರದ ಮೀನಿನ ಆಕೃತಿಯನ್ನು ಊರೂರಿಗೆ ಒಯ್ದಿತು. ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂಬ ಹೆಸರು ನಿಂತಿತು. ಆಕೃತಿ ಗಾತ್ರವನ್ನು ತೋರಿಸಿತು, ಹೋಲಿಕೆ ನೆಂಟಸ್ತನ ಬೆಳೆಸಿತು. ಆದರೆ ಬಲೆ ಕತ್ತರಿಸಿ ನೂರಾರು ಮೀನುಗಳನ್ನು ಬಿಟ್ಟ ಮೀನುಗಾರರಿಗೆ ಬಲೆಯ ಪರಿಹಾರವೂ ದೊರೆಯುತ್ತಿತ್ತೆಂಬುದನ್ನು ಮರೆಯಬಾರದು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಪೂರ್ಣಗಾತ್ರದ ತಿಮಿಂಗಿಲ ಶಾರ್ಕ್ ಬರೆಸುವುದೆಂದು ನಿರ್ಧರಿಸಿ ಇಂದು ಗೋಡೆ ಅಳೆದೆವು. ಇರುವುದು ಮೂವತ್ತೇ ಅಡಿ. ಹಾಗಾಗಿ ಬಾಲವು ಮೂಲೆ ತಿರುಗಿ ಬಿಸಿಯೂಟದ ಕೋಣೆಯ ಬಾಗಿಲ ತನಕ ಹೋಗಲಿದೆ.